ಹೆಸರು ಷೆವ್ರೊಲೆ, ಹಿಂದಿನ ಎಕ್ಸೆಲ್ ಯಾರದು? ಜೋಡಿ ಚಕ್ರದ ಹಳೆಯ ಲಾರಿಯೊಂದರ ಪ್ರಕರಣ ಅಧ್ಯಯನ

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ, ಕಣದ ಅಂಚಿಗೆ ಕಟ್ಟಿದ ಹೆಂಚಿನ ಕೊಟ್ಟಿಗೆಯೊಳಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕದಲದೆ ನಿಂತಿದ್ದ ಲಾರಿಯೊಂದನ್ನು ಮತ್ತೆ ಓಡಿಸಬೇಕೆಂದು ಮನೆಯವರು ನಿರ್ಧರಿಸಿದಾಗ, ಎಂಜಿನ್ನಿಗಿಂತ ಮೊದಲು ಅವರನ್ನು ಕಾಡಿದ್ದು ಅದರ ಚಕ್ರಗಳು. ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು, ಗೋಡೆಗೆ ಒರಗಿಸಿಟ್ಟ ಸ್ಟೆಪ್ನಿ ಒಂದು, ಹೀಗೆ ಒಟ್ಟು ಏಳು ಚಕ್ರಗಳಿದ್ದವು. ಟೈರುಗಳೆಲ್ಲ ಬಿರಿದು, ನೆಲ ತಾಗುವ ಕಡೆ ಚಪ್ಪಟೆಯಾಗಿ ಮಣ್ಣಿನಲ್ಲಿ ಅರ್ಧ ಹೂತಿದ್ದವು. ಹೊಸ ಟೈರು ತರಲು ಹೋದ ಮನೆಯ ಯಜಮಾನರಿಗೆ ಯಾವ ಅಳತೆಯದು ಬೇಕು ಎಂದು ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಗೇ ಉತ್ತರ ಸಿಗಲಿಲ್ಲ. ಹಳೆಯ ಟೈರಿನ ಮೇಲೆ 7.50-20 (ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ) ಎಂದಿತ್ತು, ಪೇಟೆಯ ಟೈರ್ ಅಂಗಡಿಯವನು 8.25-20 ಸುಲಭವಾಗಿ ಸಿಗುತ್ತದೆ, ಅದನ್ನೇ ಹಾಕೋಣ ಎಂದನು. ಮುಂಬೈಯಿಂದ ಬಿಡಿಭಾಗ ತರಿಸಿಕೊಡುವ ಪರಿಚಿತರೊಬ್ಬರು ಲಾರಿ ಯಾವುದೆಂದು ಖಚಿತವಾಗಿ ಹೇಳಿದರೆ ಮಾತ್ರ ಬೇರಿಂಗು, ಸೀಲು ಹುಡುಕುವುದಾಗಿ ತಿಳಿಸಿದರು. ವಾಹನದ ಹಳೆಯ ಆರ್‌.ಸಿ. ಪುಸ್ತಕದಲ್ಲಿ ‘ಷೆವ್ರೊಲೆ, 1946’ ಎಂದು ಬರೆದಿತ್ತು. ಅಷ್ಟು ಸಾಕಲ್ಲವೇ ಎಂಬುದು ಮನೆಯವರ ಪ್ರಶ್ನೆ. ಸಾಕಾಗಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ವರ್ಕ್‌ಶಾಪಿನಲ್ಲಿ ಬಹುಕಾಲ ದುಡಿದವನೆಂಬ ಕಾರಣಕ್ಕೆ ನನ್ನನ್ನು ಕರೆಸಲಾಗಿತ್ತು. ಹಳೆಯ ಲಾರಿಯ ಬಾನೆಟ್ಟಿನ ಮೇಲಿನ ಹೆಸರು ಆ ಬಾನೆಟ್ಟು ಯಾರದೆಂದು ಮಾತ್ರ ಹೇಳುತ್ತದೆ. ಅಡಿಯಲ್ಲಿರುವ ಎಕ್ಸೆಲ್ (ಚಕ್ರಗಳ ಅಚ್ಚು), ಹಬ್ಬು (ಅಚ್ಚಿನ ತುದಿಯಲ್ಲಿ ಚಕ್ರವನ್ನು ಬೋಲ್ಟು ಮಾಡುವ ಗುಂಬ), ಚಕ್ರಗಳ ವಿಷಯದಲ್ಲಿ ಆ ಹೆಸರನ್ನು ನಂಬುವಂತಿಲ್ಲ, ಏಕೆಂದರೆ ನಮ್ಮ ಕಡೆಯ ಲಾರಿಗಳು ಬಿಡಿಭಾಗ ಸಿಗದ ಕಾಲದಲ್ಲಿ ಕೈಗೆ ಸಿಕ್ಕಿದ್ದನ್ನು ಹೊಂದಿಸಿಕೊಂಡೇ ಬದುಕಿದವು. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಬೊಂಬಾಯಿಯಲ್ಲಿ ಜೋಡಣೆ ಕಾರ್ಖಾನೆ ತೆರೆದು ಷೆವ್ರೊಲೆ ಲಾರಿಗಳನ್ನು ನಮ್ಮ ದೇಶದಲ್ಲಿ ಹರಡಿತು. 1954ರಲ್ಲಿ ಆ ಜೋಡಣೆ ನಿಂತಿತು. ನಡುವೆ ಎರಡನೆಯ ಮಹಾಯುದ್ಧ ಮುಗಿದು, ಅಸ್ಸಾಮ್ ಮತ್ತು ಬರ್ಮಾ ಗಡಿಯಲ್ಲಿ ದುಡಿದ ಅಮೆರಿಕನ್ ಸೇನೆಯ ಲಾರಿಗಳು ಹೆಚ್ಚುವರಿ ಸರಕಾಗಿ ಮಾರಾಟವಾದವು. ಹೀಗೆ ಒಂದೇ ಷೆಡ್ಡಿನಲ್ಲಿ ನಾಗರಿಕ ಲಾರಿಯ ತಲೆಯೂ ಮಿಲಿಟರಿ ಲಾರಿಯ ಕಾಲೂ ಕೂಡುವ ಸಂದರ್ಭ ಒದಗಿತು.

ಮೊದಲು ಲಾರಿಯ ಮುಂಭಾಗವನ್ನು ನೋಡಿದೆ. ಸ್ಟಿಯರಿಂಗ್ ಬಲಗಡೆ ಇತ್ತು. ಮುಂದಿನ ಜಾಲರಿಯ ಮೇಲರ್ಧದಲ್ಲಿ ಅಡ್ಡಪಟ್ಟಿಗಳೂ ಕೆಳಗೆ ಇಳಿಬಿದ್ದ ಲಂಬಪಟ್ಟಿಗಳೂ ಇದ್ದವು. 1941ರಿಂದ 1946ರವರೆಗಿನ ಷೆವ್ರೊಲೆಯ ಮುಖಲಕ್ಷಣ ಅದು. ಗೇರ್ ಬಾಕ್ಸಿನ ಎರಕದ ಮೇಲೆ ‘ಎಲ್ 7 5’ ಎಂಬ ಉಬ್ಬು ಗುರುತು ಇತ್ತು. ಆ ಕಂಪನಿಯ ಎರಕಗಳಲ್ಲಿ ‘ಎ’ಯಿಂದ ‘ಎಲ್’ವರೆಗಿನ ಅಕ್ಷರ ತಿಂಗಳನ್ನೂ, ನಡುವಿನ ಅಂಕಿ ದಿನವನ್ನೂ, ಕೊನೆಯ ಅಂಕಿ ವರ್ಷದ ಕೊನೆಯ ಅಂಕಿಯನ್ನೂ ಸೂಚಿಸುತ್ತದೆ. ಎಂದರೆ ಇದು ಡಿಸೆಂಬರ್ 7, ವರ್ಷ 1935, 1945 ಅಥವಾ 1955. ದಶಕವನ್ನು ಗುರುತು ತಾನಾಗಿ ಹೇಳದಿದ್ದರೂ ಜಾಲರಿಯ ಆಕಾರ 1945 ಎಂದು ತೀರ್ಮಾನಿಸಿಕೊಟ್ಟಿತು. ಆರ್‌.ಸಿ. ಪುಸ್ತಕದ 1946ಕ್ಕೂ ಇದು ಹೊಂದುತ್ತದೆ. ಮುಂಭಾಗದ ಮಟ್ಟಿಗೆ ಪುಸ್ತಕ ಸುಳ್ಳು ಹೇಳಿರಲಿಲ್ಲ.

ಬೋಲ್ಟುಗಳ ಲೆಕ್ಕ

ಚಕ್ರ ಯಾವ ಹಬ್ಬಿಗೆ ಸೇರಿದ್ದೆಂದು ತಿಳಿಯಲು ಬೋಲ್ಟು ರಂಧ್ರಗಳ ಸಂಖ್ಯೆ ಮತ್ತು ಆ ರಂಧ್ರಗಳ ಮಧ್ಯಬಿಂದುಗಳು ಕೂಡಿ ಮಾಡುವ ವೃತ್ತದ ವ್ಯಾಸ, ಈ ಎರಡೂ ಬೇಕು. ವರ್ಕ್‌ಶಾಪಿನವರು ಈ ವ್ಯಾಸವನ್ನು ಪಿಸಿಡಿ ಎನ್ನುತ್ತಾರೆ. ಆರು ಬೋಲ್ಟುಗಳಿದ್ದರೆ ಕೆಲಸ ಸುಲಭ: ಎದುರುಬದುರಿನ ಎರಡು ಬೋಲ್ಟುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರಾಯಿತು, ಹಬ್ಬು ಅಡ್ಡ ಬಂದರೆ ಅಕ್ಕಪಕ್ಕದ ಎರಡು ಬೋಲ್ಟುಗಳ ಅಂತರವನ್ನು ಅಳೆದು ಎರಡರಿಂದ ಗುಣಿಸಿದರಾಯಿತು. ಆರು ಬೋಲ್ಟುಗಳ ವೃತ್ತದಲ್ಲಿ ಪಕ್ಕದ ಅಂತರ ತ್ರಿಜ್ಯಕ್ಕೆ ಸಮವಾಗಿರುತ್ತದೆ. ಈ ಲಾರಿಯ ಮುಂದಿನ ಮತ್ತು ಹಿಂದಿನ ಹಬ್ಬುಗಳೆರಡರಲ್ಲೂ ಆರು ಬೋಲ್ಟುಗಳಿದ್ದು, ಪಕ್ಕದ ಅಂತರ 111 ಮಿ.ಮೀ. ಬಂದಿತು. ಎರಡರಷ್ಟು ಮಾಡಿದರೆ 222, ಅಂದರೆ ಎಂಟೂಮುಕ್ಕಾಲು ಅಂಗುಲ. ಆ ಕಾಲದ ಒಂದೂವರೆ ಟನ್ ಷೆವ್ರೊಲೆ, ಅದೇ ಜನರಲ್ ಮೋಟರ್ಸ್ ಸೇನೆಗೆ ಮಾಡಿಕೊಟ್ಟ ಎರಡೂವರೆ ಟನ್ ಜಿಎಂಸಿ, ಎರಡಕ್ಕೂ ಇದೇ ಅಳತೆ. ಆದ್ದರಿಂದ ಈ ಅಳತೆ ಕುಟುಂಬವನ್ನು ಹೇಳಿತೇ ಹೊರತು ವ್ಯಕ್ತಿಯನ್ನು ಹೇಳಲಿಲ್ಲ.

ಗೋಡೆಗೆ ಒರಗಿದ್ದ ಸ್ಟೆಪ್ನಿಯಲ್ಲಿ ಮಾತ್ರ ಐದೇ ರಂಧ್ರಗಳಿದ್ದವು. ಇಷ್ಟು ವರ್ಷ ಅದನ್ನು ಈ ಲಾರಿಯದೆಂದೇ ನಂಬಿ, ಮಳೆಗಾಲಕ್ಕೊಮ್ಮೆ ಎಣ್ಣೆ ಬಳಿದು ಕಾಪಾಡಿದ್ದರು! ಐದು ರಂಧ್ರಗಳಿರುವಲ್ಲಿ ಒಂದರ ಎದುರಿಗೆ ಇನ್ನೊಂದು ಇರುವುದಿಲ್ಲವಾದ್ದರಿಂದ ಒಂದು ರಂಧ್ರದಿಂದ ಎದುರಿನ ಖಾಲಿ ಜಾಗಕ್ಕೆ ಟೇಪು ಹಿಡಿದು ಅಂದಾಜು ಹೇಳುವ ಅಭ್ಯಾಸ ತಪ್ಪಿಗೆ ದಾರಿಯಾಗುತ್ತದೆ. ಪಕ್ಕದ ಎರಡು ರಂಧ್ರಗಳ ಮಧ್ಯದ ಅಂತರವನ್ನು 0.588ರಿಂದ ಭಾಗಿಸಬೇಕು. ಇಲ್ಲಿ ಅಂತರ 119.5 ಮಿ.ಮೀ. ಬಂದಿತು, ಭಾಗಿಸಿದಾಗ 203, ಎಂದರೆ ಸರಿಯಾಗಿ ಎಂಟು ಅಂಗುಲ. ಫೋರ್ಡ್ ಕಂಪನಿಯ ಒಂದೂವರೆ ಟನ್ ಲಾರಿಗಳಲ್ಲಿ ಕಾಣುವ ಅಳತೆ ಇದು. ಸ್ಟೆಪ್ನಿ ಎಂದೂ ಈ ಲಾರಿಗೆ ಕೂಡಿದ್ದಲ್ಲ, ಕೂಡುವಂಥದ್ದೂ ಅಲ್ಲ.

ಎಡಗಡೆಯ ಉಲ್ಟಾ ನಟ್ಟು

ಹಿಂದಿನ ಜೋಡಿ ಚಕ್ರಗಳನ್ನು ಬಿಚ್ಚಲು ತೊಡಗಿದಾಗ ಬಲಗಡೆ ತೊಂದರೆಯಾಗಲಿಲ್ಲ. ಎಡಗಡೆ ಆರರಲ್ಲಿ ನಾಲ್ಕು ನಟ್ಟುಗಳು ಎಷ್ಟು ಬಲ ಹಾಕಿದರೂ ಕದಲಲಿಲ್ಲ, ಎರಡು ಮಾತ್ರ ಸಲೀಸಾಗಿ ಬಂದವು. ಈ ಮನೆಯಲ್ಲೇ ಡ್ರೈವರಾಗಿದ್ದು ಈಗ ಎಂಬತ್ತು ದಾಟಿದ ಹಿರಿಯರು ಕಣದ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದವರು, “ಎಡಗಡೆ ನಟ್ಟು ಉಲ್ಟಾ ತಿರುಗಿಸ್ಬೇಕು ಸಾರ್. ಆಗ್ಲೂ ಹೇಳಿದ್ದೆ, ಹುಡುಗ್ರು ಕೇಳ್ಲಿಲ್ಲ, ಎರಡು ಬೋಲ್ಟ್ ಮುರಿದಾಕಿದ್ರು” ಎಂದರು. ಬೋಲ್ಟುಗಳ ತುದಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದಾಗ ನಾಲ್ಕರ ಮೇಲೆ ‘ಎಲ್’ ಎಂಬ ಇಂಗ್ಲಿಷ್ ಅಕ್ಷರ, ಎಂದರೆ ಲೆಫ್ಟ್, ಎಡಮರೆಯ ಗುರುತು, ಕಾಣಿಸಿತು. ಉಳಿದೆರಡರ ಮೇಲೆ ಏನೂ ಇರಲಿಲ್ಲ. ಅವು ಮುರಿದ ಬೋಲ್ಟುಗಳ ಬದಲಿಗೆ ಯಾರೋ ಹಾಕಿದ ಸಾಮಾನ್ಯ ಬಲಮರೆಯ, ಎಂದರೆ ನಟ್ಟನ್ನು ಬಲಕ್ಕೆ ತಿರುಗಿಸಿದರೆ ಬಿಗಿಯುವ ಸುತ್ತುಗೆರೆಯ, ಬೋಲ್ಟುಗಳು. ಒಂದೇ ಹಬ್ಬಿನಲ್ಲಿ ಎರಡು ಬಗೆಯ ಮರೆಗಳಿದ್ದರೆ ನಾಳೆ ರಸ್ತೆಯಲ್ಲಿ ಪಂಕ್ಚರ್ ಆದಾಗ ಬಿಚ್ಚುವವನು ಮೊದಲು ಸಿಕ್ಕ ನಟ್ಟಿನಂತೆಯೇ ಎಲ್ಲವನ್ನೂ ತಿರುಗಿಸುತ್ತಾನೆ, ಮುರಿಯುವುದು ಮತ್ತೆ ನಡೆಯುತ್ತದೆ.

ನಟ್ಟುಗಳ ರಚನೆಯೂ ಬಹಳಷ್ಟನ್ನು ಹೇಳಿತು. ಒಳಚಕ್ರವನ್ನು ಉದ್ದನೆಯ ಟೊಪ್ಪಿಗೆಯಂಥ ನಟ್ಟು ಬಿಗಿಹಿಡಿದಿತ್ತು. ಆ ಟೊಪ್ಪಿಗೆಯ ಹೊರಮೈಗೇ ಮರೆ ಕೊರೆದು, ಅದರ ಮೇಲೆ ಹೊರಚಕ್ರದ ಷಟ್ಕೋನ ನಟ್ಟು ಕುಳಿತಿತ್ತು. ಒಳಗಿನದರ ತುದಿ ಚೌಕಾಕಾರ. ಹೊರ ನಟ್ಟಿಗೆ ಒಂದೂವರೆ ಅಂಗುಲದ ಪಾನಾ, ಒಳಗಿನದಕ್ಕೆ ಹದಿಮೂರು ಹದಿನಾರಾಂಶ ಅಂಗುಲದ ಚೌಕ ಪಾನಾ ಬೇಕು. ಡಿಸ್ಕಿನ, ಎಂದರೆ ರಿಮ್ಮನ್ನು ಹಬ್ಬಿಗೆ ಸೇರಿಸುವ ನಡುತಟ್ಟೆಯ, ರಂಧ್ರದ ಅಂಚು ಗೋಳದ ಒಳಮೈಯಂತೆ ದುಂಡಗೆ ಕುಳಿಬಿದ್ದಿತ್ತು, ನಟ್ಟಿನ ಮೈಯೂ ಅದಕ್ಕೆ ತಕ್ಕಂತೆ ದುಂಡಗಿತ್ತು. ಅಮೆರಿಕದ ಬಡ್ ಕಂಪನಿಯ ಹೆಸರಿನಿಂದ ಗುರುತಿಸಲ್ಪಡುವ ಈ ಏರ್ಪಾಡಿನಲ್ಲಿ ಬೋಲ್ಟಿನ ಮರೆ ಮುಕ್ಕಾಲು ಅಂಗುಲ, ಅಂಗುಲಕ್ಕೆ ಹದಿನಾರು ಹಲ್ಲು. ಟೊಪ್ಪಿಗೆಯ ಹೊರಮರೆ ಒಂದೂಒಂದೆಂಟಾಂಶ ಅಂಗುಲ, ಅದಕ್ಕೂ ಹದಿನಾರು ಹಲ್ಲು. ಶಂಕುವಿನಾಕಾರದ ಮೈಯಿರುವ ಇಂದಿನ ನಟ್ಟುಗಳನ್ನು ಇಲ್ಲಿ ಹಾಕಿದರೆ ಅವು ಕೂತಂತೆ ಕಂಡರೂ ಒಂದು ಗೆರೆಯಷ್ಟು ಅಗಲದಲ್ಲಿ ಮಾತ್ರ ತಾಗುತ್ತವೆ. ಇನ್ನೊಂದು ವಿಷಯವನ್ನು ಹೊಸಬರು ಸಾಮಾನ್ಯವಾಗಿ ಮರೆಯುತ್ತಾರೆ: ಹೊರ ನಟ್ಟು ಬಿಗಿಯಾಗಿದ್ದಾಗ ಒಳ ನಟ್ಟು ಸಡಿಲವಾಗಿದ್ದರೂ ಹೊರಗಿನಿಂದ ತಿಳಿಯುವುದಿಲ್ಲ. ಹೊರಗಿನದನ್ನು ಸಡಿಲಿಸಿ, ಒಳಗಿನದನ್ನು ಬಿಗಿದು, ಮತ್ತೆ ಹೊರಗಿನದನ್ನು ಬಿಗಿಯಬೇಕು. ಬಲಗಡೆಯ ಒಳಡಿಸ್ಕಿನ ಎರಡು ರಂಧ್ರಗಳಿಂದ ಹೊರಟ ತುಕ್ಕಿನ ಗೆರೆಗಳು, ಈ ಕೆಲಸ ಇಲ್ಲಿ ಬಹುಕಾಲ ನಡೆದಿರಲಿಲ್ಲವೆಂದು ತೋರಿಸುತ್ತಿದ್ದವು.

ಉಂಗುರವಿಲ್ಲದ ರಿಮ್ಮು

ಈ ಪ್ರಕರಣದಲ್ಲಿ ಅಪಾಯ ಅಡಗಿದ್ದದ್ದು ಬಲಗಡೆಯ ಹೊರಚಕ್ರದಲ್ಲಿ. ಹಿಂದಿನ ನಾಲ್ಕರಲ್ಲಿ ಮೂರು ಚಕ್ರಗಳ ರಿಮ್ಮಿನ ಒಂದು ಅಂಚಿನಲ್ಲಿ ಟೈರು ಜಾರದಂತೆ ಹಿಡಿಯುವ, ಒಂದು ಕಡೆ ಸೀಳಿದ ಲಾಕ್ ರಿಂಗು ಸ್ಪಷ್ಟವಾಗಿ ಕಾಣುತ್ತಿತ್ತು; ನಮ್ಮ ಲಾರಿ ಟೈರಿನವರಿಗೆ ಅದು ದಿನನಿತ್ಯದ ಪರಿಚಯ. ನಾಲ್ಕನೆಯದರಲ್ಲಿ ಎರಡೂ ಅಂಚುಗಳು ಅಖಂಡವಾಗಿದ್ದವು. ಪೇಟೆಯಿಂದ ಬಂದ ಟೈರಿನ ಹುಡುಗ ಅದನ್ನು ನೋಡಿ, “ಇದು ಸಿಂಗಲ್ ಪೀಸ್ ಸಾರ್, ರಿಂಗೇ ಇಲ್ಲ, ಲಿವರ್ ಹಾಕಿ ಎಬ್ಬಿಸಿದ್ರಾಯ್ತು” ಎಂದು ಆಗಲೇ ಸಲಾಕೆ ಕೈಗೆತ್ತಿಕೊಂಡಿದ್ದ. ಅವನನ್ನು ತಡೆಯಬೇಕಾಯಿತು.

ಅವನ ತರ್ಕದಲ್ಲಿ ಇದ್ದ ದೋಷವನ್ನು ಸ್ವಲ್ಪ ವಿವರಿಸಬೇಕು. ಕಾರಿನ ರಿಮ್ಮು ಒಂದೇ ತುಂಡಾಗಿರಲು ಸಾಧ್ಯವಾಗುವುದು ಅದರ ನಡುವೆ ಆಳವಾದ ತಗ್ಗು ಇರುವುದರಿಂದ. ಟೈರಿನ ತಂತಿಯಂಚನ್ನು ಒಂದು ಕಡೆ ಆ ತಗ್ಗಿಗೆ ಇಳಿಸಿದರೆ ಮಾತ್ರ ಇನ್ನೊಂದು ಕಡೆ ಅದು ರಿಮ್ಮಿನ ಅಂಚನ್ನು ದಾಟೀತು. ಟ್ಯೂಬು ಮತ್ತು ಫ್ಲಾಪು ಹಾಕುವ ಇಪ್ಪತ್ತಂಗುಲದ ಲಾರಿ ರಿಮ್ಮಿನ ತಳ ಹೆಚ್ಚುಕಡಿಮೆ ಸಮತಟ್ಟು, ಟೈರಿನ ಅಂಚೋ ಬಾಗದಷ್ಟು ಗಟ್ಟಿ. ಆದ್ದರಿಂದ ತಳ ಸಮತಟ್ಟಾಗಿದ್ದು ಅಂಚಿನಲ್ಲಿ ಉಂಗುರ ಕಾಣದಿದ್ದರೆ, ಆ ರಿಮ್ಮು ಬೇರೆಲ್ಲೋ ಎರಡಾಗಿರಲೇಬೇಕು. ಹಬ್ಬಿನ ಕಡೆಯಿಂದ ರಿಮ್ಮಿನ ತಳವನ್ನು ಬ್ರಷ್ಷಿನಿಂದ ಉಜ್ಜಿದಾಗ ಅದರ ಮಧ್ಯದಲ್ಲಿ ಸುತ್ತಲೂ ಹರಿದ ಒಂದು ಸಣ್ಣ ಸಂದು ಕಂಡಿತು. ಡಿಸ್ಕಿನ ಬಳಿ ಉಜ್ಜಿದಾಗ ‘ಆರ್‌ಎಚ್‌5°’ ಎಂಬ ಮುದ್ರೆಯೂ ‘20×5.00’ ಎಂಬ ಅಳತೆಯೂ ಹೊರಬಂದವು.

ಫೈರ್‌ಸ್ಟೋನ್ ಕಂಪನಿಯ ಈ ರಿಮ್ಮು ಎರಡು ಹೋಳುಗಳಿಂದ ಆಗಿದ್ದು, ಅವು ತಳದ ನಡುವೆ ಟೈರಿನ ಅಡಿಯಲ್ಲೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಟೈರು ಕೂತ ಮೇಲೆ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ, ಗಾಳಿ ತುಂಬುವಾಗ ಒತ್ತಡ ಎರಡೂ ಹೋಳುಗಳನ್ನು ಟನ್ನುಗಟ್ಟಲೆ ಬಲದಿಂದ ದೂರಕ್ಕೆ ತಳ್ಳುತ್ತಿರುತ್ತದೆ. ಕಚ್ಚು ಸವೆದಿದ್ದರೆ, ತುಕ್ಕು ತಿಂದಿದ್ದರೆ, ಅಥವಾ ಬೇರೆ ರಿಮ್ಮಿನ ಹೋಳನ್ನು ತಂದು ಜೋಡಿಸಿದ್ದರೆ ಅದು ಬಿಚ್ಚಿಕೊಂಡು ಸಿಡಿಯುತ್ತದೆ. ಅಮೆರಿಕದ ಮೆಕ್ಯಾನಿಕ್ಕುಗಳು ಇದಕ್ಕೆ ವಿಧವೆಯರನ್ನು ಮಾಡುವ ರಿಮ್ಮು ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿನ ಔದ್ಯೋಗಿಕ ಸುರಕ್ಷತಾ ಆಡಳಿತ, ಅಂದರೆ ಓಷಾ, 1980ರಲ್ಲಿ ಬಹುಭಾಗದ ರಿಮ್ಮುಗಳ ಕೆಲಸಕ್ಕಾಗಿಯೇ 1910.177 ಎಂಬ ನಿಯಮವನ್ನು ತಂದಿತು. ಪಂಜರದೊಳಗಿಟ್ಟು ಗಾಳಿ ತುಂಬುವುದು, ಒಂದು ಬಗೆಯ ರಿಮ್ಮಿನ ಭಾಗವನ್ನು ಇನ್ನೊಂದಕ್ಕೆ ಬೆರೆಸದಿರುವುದು, ಕಡಿಮೆ ಗಾಳಿಯಲ್ಲಿ, ಅಂದರೆ ನಿಗದಿಯ ಶೇ. 80 ಅಥವಾ ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಓಡಿದ ಟೈರಿಗೆ ಹಾಗೆಯೇ ಗಾಳಿ ತುಂಬದೆ ಮೊದಲು ಬಿಚ್ಚಿ ಪರೀಕ್ಷಿಸುವುದು ಅದರಲ್ಲಿ ಸೇರಿವೆ. ಲಾಕ್ ರಿಂಗಿನ ರಿಮ್ಮುಗಳಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ಲಾಕ್ ರಿಂಗು ತನ್ನ ತೋಡಿನಲ್ಲಿ ಕೂತಿದೆಯೇ ಇಲ್ಲವೇ ಎಂದು ಹೊರಗಿನಿಂದ ನೋಡಬಹುದು, ತಳದಲ್ಲಿ ಅಡಗಿದ ಸಂದನ್ನು ನೋಡಲಾಗದು. ಮಲೆನಾಡಿನ ಮೂವತ್ತು ಮಳೆಗಾಲಗಳ ತೇವ ಕುಡಿದ ಇಂಥ ರಿಮ್ಮಿಗೆ ಗಾಳಿ ತುಂಬುವ ಮಾತೇ ಇರಲಿಲ್ಲ. ಟ್ಯೂಬಿನಲ್ಲಿ ಗಾಳಿ ಇರಲಾರದೆಂದು ಗೊತ್ತಿದ್ದರೂ, ಚಕ್ರ ಇಳಿಸುವ ಮೊದಲು ಎಲ್ಲ ವಾಲ್ವುಗಳ ಪಿನ್ನನ್ನು ತೆಗೆಸಿದೆ.

ನೆಲದ ಮೇಲೆ ಮಗುಚಿ ಅಳೆದದ್ದು

ಬಲಗಡೆಯ ಹಳೆಯ ಟೈರುಗಳೆರಡರ ಒಳಮೈಗಳಲ್ಲಿ, ಒಂದಕ್ಕೊಂದು ಎದುರಾಗುವ ಕಡೆ, ಸುತ್ತಲೂ ಉಜ್ಜಿ ನುಣುಪಾದ ಪಟ್ಟೆಯಿತ್ತು. ಎಡಗಡೆಯ ಜೋಡಿಯಲ್ಲಿ ಇರಲಿಲ್ಲ. ಟೈರುಗಳು ಭಾರಕ್ಕೆ ಉಬ್ಬಿ ಒಂದಕ್ಕೊಂದು ತಾಗುತ್ತಿದ್ದವೆಂಬುದು ಸ್ಪಷ್ಟ. ಏಕೆ ಬಲಗಡೆ ಮಾತ್ರ ಎಂಬುದನ್ನು ಡಿಸ್ಕಿನ ಉಬ್ಬು ಹೇಳಬೇಕಿತ್ತು. ಜೋಡಿ ಚಕ್ರದಲ್ಲಿ ಎರಡು ಡಿಸ್ಕುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ಪ್ರತಿಯೊಂದು ರಿಮ್ಮಿನ ನಡುಗೆರೆ ಡಿಸ್ಕಿನ ಕೂರುಮೈಯಿಂದ ಎಷ್ಟು ದೂರವಿದೆಯೋ ಆ ಎರಡು ದೂರಗಳ ಮೊತ್ತವೇ ಟೈರುಗಳ ನಡುವಿನ ಮಧ್ಯಾಂತರ.

ಇದನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ, ಸಿಮೆಂಟಿನ ಕಣವೇ ಸಾಕಾಯಿತು. ಟೈರು ಬಿಚ್ಚಿದ ಚಕ್ರವನ್ನು, ಜೋಡಿಯ ಇನ್ನೊಂದು ಡಿಸ್ಕಿಗೆ ತಾಗುವ ಮೈ ಕೆಳಗಾಗುವಂತೆ ಸಮತಟ್ಟಾದ ನೆಲದ ಮೇಲೆ ಮಗುಚಿದರೆ, ರಿಮ್ಮಿನ ಅಂಚು ನೆಲದಿಂದ ಸ್ವಲ್ಪ ಮೇಲೆ ನಿಲ್ಲುತ್ತದೆ. ಆ ಸಂದಿನ ಎತ್ತರಕ್ಕೆ ರಿಮ್ಮಿನ ಒಟ್ಟು ಅಗಲದ ಅರ್ಧವನ್ನು ಕೂಡಿಸಿದರೆ ಬೇಕಾದ ದೂರ ಸಿಗುತ್ತದೆ. ಲಾಕ್ ರಿಂಗಿನ ಮೂರು ಚಕ್ರಗಳಲ್ಲಿ ರಿಮ್ಮಿನ ಹೊರ ಅಗಲ 212 ಮಿ.ಮೀ., ನೆಲದ ಸಂದು 19. ಎಂದರೆ 106ಕ್ಕೆ 19 ಕೂಡಿ 125. ಎರಡು ಕೂಡಿದಾಗ ಮಧ್ಯಾಂತರ 250. ಮುಂದಿನ ಚಕ್ರಗಳೆರಡೂ ಇದೇ ಅಳತೆಯವು. ಎರಡು ಹೋಳಿನ ಚಕ್ರದಲ್ಲಿ ಅಗಲ 161, ಸಂದು 28.5, ಎಂದರೆ 80.5ಕ್ಕೆ 28.5 ಕೂಡಿ 109. ಬಲಗಡೆ ಒಂದು 125ರದೂ ಒಂದು 109ರದೂ ಸೇರಿ ಮಧ್ಯಾಂತರ 234 ಆಗಿತ್ತು. 7.50-20 ಟೈರು ಸುಮಾರು 215 ಮಿ.ಮೀ. ಅಗಲ. ಎಡಗಡೆ ಬಿಡುವು 35 ಮಿ.ಮೀ., ಬಲಗಡೆ 19 ಮಾತ್ರ. ಮರದ ದಿಮ್ಮಿಯನ್ನೋ ಕಾಫಿ ಮೂಟೆಯನ್ನೋ ಹೇರಿದಾಗ ಎರಡೂ ಟೈರುಗಳ ಹೊಟ್ಟೆ ಉಬ್ಬಿ ಈ 19 ಮುಗಿದುಹೋಗಿದೆ. ಐದಂಗುಲದ ಆ ರಿಮ್ಮು ಮೂಲತಃ 6.50-20ರಂಥ ಸಣ್ಣ ಟೈರಿಗೆ ತಕ್ಕದ್ದು; ರಂಧ್ರ ಹೊಂದಿತೆಂಬ ಒಂದೇ ಕಾರಣಕ್ಕೆ ಇಲ್ಲಿ ಬಂದು ಕೂತಿತ್ತು.

ಟೈರ್ ಅಂಗಡಿಯವನ 8.25-20ರ ಸಲಹೆಗೂ ಇಲ್ಲೇ ಉತ್ತರ ಸಿಕ್ಕಿತು. ಆ ಟೈರಿನ ಅಗಲ ಸುಮಾರು 236 ಮಿ.ಮೀ.; ಸರಿಯಾದ ಚಕ್ರಗಳನ್ನೇ ಹಾಕಿದರೂ ಖಾಲಿ ಲಾರಿಯಲ್ಲಿ ಉಳಿಯುವುದು 14 ಮಿ.ಮೀ. ಬಲಗಡೆಯ ಹಳೆಯ ಜೋಡಿಯಲ್ಲಾದರೆ ಭಾರ ಹೇರುವ ಮೊದಲೇ ಟೈರುಗಳು ಮುತ್ತಿಕ್ಕುತ್ತಿದ್ದವು.

ಹಿಂದಿನ ಎಕ್ಸೆಲ್

ಚಕ್ರಗಳು ಇಳಿದ ಮೇಲೆ ಎಕ್ಸೆಲ್ ಪೂರ್ತಿಯಾಗಿ ಕಂಡಿತು. ಹಬ್ಬಿನ ಮುಖದ ಫ್ಲೇಂಜಿನ ಬೋಲ್ಟುಗಳನ್ನು ಬಿಚ್ಚಿದರೆ ಎಕ್ಸೆಲ್ ಶಾಫ್ಟನ್ನು ಹೊರಗೆಳೆಯಬಹುದಿತ್ತು, ಹಬ್ಬು ಕವಚದ ಮೇಲಿನ ತನ್ನ ಬೇರಿಂಗುಗಳ ಮೇಲೆ ಹಾಗೆಯೇ ನಿಲ್ಲುತ್ತಿತ್ತು. ಎಂದರೆ ಫುಲ್ ಫ್ಲೋಟಿಂಗ್ ಬಗೆ. ಜೋಡಿ ಚಕ್ರದ ಲಾರಿಗಳಲ್ಲಿ ಇದು ಸಾಮಾನ್ಯವಾದ್ದರಿಂದ ಹೆಚ್ಚೇನೂ ತಿಳಿಯಲಿಲ್ಲ.

ತಿಳಿದದ್ದು ಕವಚದ ಆಕಾರದಿಂದ. ಷೆವ್ರೊಲೆಯ ಎಕ್ಸೆಲ್ ಕವಚ ಒಂದೇ ತುಂಡಾಗಿದ್ದು ನಡುವೆ ಉಂಗುರದಂತೆ ಅಗಲವಾಗಿರುತ್ತದೆ. ಬ್ಯಾಂಜೊ ವಾದ್ಯವನ್ನು ಹೋಲುವುದರಿಂದ ಅದಕ್ಕೆ ಅದೇ ಹೆಸರು. ಅದರಲ್ಲಿ ಕ್ರೌನ್ ಮತ್ತು ಪಿನಿಯನ್ (ಎಂಜಿನ್ನಿನ ಎಳೆತವನ್ನು ಚಕ್ರಗಳ ಕಡೆ ತಿರುಗಿಸುವ ದೊಡ್ಡ ಮತ್ತು ಚಿಕ್ಕ ಹಲ್ಲುಗಾಲಿಗಳು) ಇರುವ ಭಾಗವನ್ನು, ಎಕ್ಸೆಲ್ ಲಾರಿಯ ಅಡಿಯಲ್ಲೇ ಇರುವಾಗ, ಮುಂದಿನಿಂದ ಬಿಚ್ಚಿ ತೆಗೆಯಬಹುದು. ಈ ಲಾರಿಯ ಅಡಿಯಲ್ಲಿದ್ದ ಕವಚ ನಡುವಿನಲ್ಲಿ ಮೇಲಿನಿಂದ ಕೆಳಕ್ಕೆ ಸೀಳಿದಂತೆ ಎರಡು ಭಾಗವಾಗಿದ್ದು, ಸುತ್ತಲೂ ಬೋಲ್ಟುಗಳಿಂದ ಬಿಗಿಯಲ್ಪಟ್ಟಿತ್ತು. ಇದನ್ನು ಸ್ಪ್ಲಿಟ್ ಎಕ್ಸೆಲ್ ಎನ್ನುತ್ತಾರೆ. ಟಿಮ್ಕೆನ್ ಕಂಪನಿ ಯುದ್ಧಕಾಲದಲ್ಲಿ ಜಿಎಂಸಿಯ ಸಿಸಿಕೆಡಬ್ಲ್ಯೂ ಲಾರಿಗೆ ಒದಗಿಸಿದ್ದು ಇಂಥದ್ದೇ. ಆ ಲಾರಿ 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಕೆಲವಕ್ಕೆ ಟಿಮ್ಕೆನ್ನಿನ ಸ್ಪ್ಲಿಟ್ ಎಕ್ಸೆಲ್ಲೂ ಉಳಿದವಕ್ಕೆ ಷೆವ್ರೊಲೆಯ ಬ್ಯಾಂಜೊ ಎಕ್ಸೆಲ್ಲೂ ಬಂದಿದ್ದವು. ಮುಂದೆ ಒಂದು, ಹಿಂದೆ ಎರಡು, ಹೀಗೆ ಮೂರು ಎಕ್ಸೆಲ್ಲುಗಳಿಗೂ ಎಂಜಿನ್ನಿನ ಎಳೆತವಿರುತ್ತಿದ್ದ ಸೇನಾ ವಾಹನ ಅದು.

ಕವಚದ ಮೇಲೆ ಹೆಸರಿನ ತಗಡು ಇದ್ದ ಜಾಗದಲ್ಲಿ ಎರಡು ರಿವೆಟ್ ತೂತುಗಳು ಮಾತ್ರ ಉಳಿದಿದ್ದವು. ಆದರೆ ತಗಡಿಗಿಂತ ಬಲವಾದ ಸಾಕ್ಷಿ ಬೇರೆ ಕಡೆ ಇತ್ತು. ಕವಚದ ಮೇಲೂ ಕೆಳಗೂ ಗ್ಯಾಸಿನಿಂದ ಕತ್ತರಿಸಿ ಅರೆದ ಗಟ್ಟಿ ಬುಡಗಳಿದ್ದವು. ಸ್ಪ್ರಿಂಗ್ ಪ್ಲೇಟುಗಳು ಕೂರಲು ಹೊಸದಾಗಿ ವೆಲ್ಡು ಮಾಡಿದ ಪೀಠಗಳು ಅವುಗಳ ಪಕ್ಕದಲ್ಲಿದ್ದವು. ಹಿಂದೆ ಒಂದೇ ಎಕ್ಸೆಲ್ ಇರುವ ಸಾಮಾನ್ಯ ಲಾರಿಯಲ್ಲಿ ಎಳೆತದ ಮತ್ತು ಬ್ರೇಕಿನ ನೂಕನ್ನು ಸ್ಪ್ರಿಂಗ್ ಪ್ಲೇಟಿನ ಮುಂತುದಿಯ ಕಣ್ಣೇ ತಡೆಯುತ್ತದೆ, ಬೇರೆ ಕಂಬಿ ಬೇಕಿಲ್ಲ. ಎರಡು ಎಕ್ಸೆಲ್ಲುಗಳ ಜೋಡಿಯಲ್ಲಿ ಸ್ಪ್ರಿಂಗಿನ ತುದಿಗಳು ಎಕ್ಸೆಲ್ಲಿನ ಮೇಲೆ ಜಾರುವಂತೆ ಕೂತಿರುವುದರಿಂದ ಅವು ಭಾರವನ್ನಷ್ಟೇ ಹೊರುತ್ತವೆ. ನೂಕನ್ನು ತಡೆಯಲು ಟಾರ್ಕ್ ರಾಡುಗಳು ಬೇಕು, ಅವುಗಳಿಗೆ ಕವಚದ ಮೇಲೆ ಕಿವಿಗಳು ಬೇಕು. ಕತ್ತರಿಸಿದ ಬುಡಗಳು ಆ ಕಿವಿಗಳವು. ಒಂದೇ ಹಿಂಬದಿ ಎಕ್ಸೆಲ್ಲಿನ ಲಾರಿಗೆಂದು ಹುಟ್ಟಿದ ಕವಚದಲ್ಲಿ ಅವು ಇರಲು ಕಾರಣವೇ ಇಲ್ಲ. ಗೇರ್ ಬಾಕ್ಸಿನಿಂದ ಎಳೆತವನ್ನು ಹಿಂದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟಿಗೂ ಪಿನಿಯನ್ನಿನ ಫ್ಲೇಂಜಿಗೂ ನಡುವೆ ಲೇತಿನಲ್ಲಿ ಕಡೆದ ದಪ್ಪನೆಯ ತಟ್ಟೆಯೊಂದನ್ನು ಇಟ್ಟು ರಂಧ್ರ ಹೊಂದಿಸಿದ್ದು ಇದಕ್ಕೆ ಪೂರಕವಾಯಿತು. ಯಾರೋ ಜಾಣ ಫಿಟ್ಟರು ಮಾಡಿದ ಅಚ್ಚುಕಟ್ಟಾದ ಕೆಲಸ. ಇಷ್ಟು ವರ್ಷಗಳಾದರೂ ವೆಲ್ಡಿನಲ್ಲಿ ಒಂದು ಬಿರುಕು ಇರಲಿಲ್ಲ ಎಂಬುದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು. ಹಿರಿಯ ಡ್ರೈವರಿಗೂ ಒಂದು ನೆನಪಿತ್ತು. ತಾವು ಕೆಲಸಕ್ಕೆ ಸೇರುವ ಮುಂಚೆಯೇ ಚಾರ್ಮಾಡಿ ಘಾಟಿಯಲ್ಲಿ ಹಿಂದಿನ ಕ್ರೌನು ಒಡೆದು, ಮಂಗಳೂರಿನಲ್ಲಿ ‘ಮಿಲಿಟ್ರಿ ಎಕ್ಸೆಲ್’ ಹಾಕಿಸಿದ್ದರೆಂದು ಹಳಬರು ಹೇಳುತ್ತಿದ್ದರಂತೆ.

ಇನ್ನು ಉಳಿದದ್ದು ಗೇರಿನ ಅನುಪಾತ, ಎಂದರೆ ಚಕ್ರಗಳ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ತಿರುಗುತ್ತದೆ ಎಂಬುದು. ಬ್ಯಾಂಜೊ ಆಗಿದ್ದರೆ ಕ್ರೌನ್ ತೆಗೆದು ಹಲ್ಲು ಎಣಿಸಬಹುದಿತ್ತು. ಸ್ಪ್ಲಿಟ್ ಕವಚವನ್ನು ತೆರೆಯಬೇಕಾದರೆ ಇಡೀ ಎಕ್ಸೆಲ್ಲನ್ನೇ ಕೆಳಗಿಳಿಸಬೇಕು. ಆದ್ದರಿಂದ ತಿರುಗಿಸಿ ಎಣಿಸಲಾಯಿತು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಡಗಡೆಯ ಹಬ್ಬು ತಿರುಗದಂತೆ ಕಟ್ಟಿ, ಬಲಗಡೆಯ ಹಬ್ಬನ್ನು ಮಾತ್ರ ಕೈಯಿಂದ ತಿರುಗಿಸುತ್ತ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅದರ ಸುತ್ತುಗಳನ್ನು ಲೆಕ್ಕ ಹಾಕಿದೆವು. ಹಬ್ಬಿನ 20 ಸುತ್ತಿಗೆ ಶಾಫ್ಟು 66 ಸುತ್ತು ತಿರುಗಿತು. ಎಣಿಸುತ್ತಿದ್ದ ಹುಡುಗ 66ನ್ನು 20ರಿಂದ ಭಾಗಿಸಿ 3.3 ಎಂದ. ಲಾರಿಗೆ ಆ ಅನುಪಾತವಿದ್ದರೆ ಖಾಲಿಯಾಗಿಯೂ ಘಾಟಿ ಹತ್ತಲಾರದು! ಒಂದು ಕಡೆಯ ಚಕ್ರ ನಿಂತೇ ಇದ್ದು ಇನ್ನೊಂದು ಕಡೆಯದು ಮಾತ್ರ ತಿರುಗಿದಾಗ ಕ್ರೌನು ಅದರ ಅರ್ಧದಷ್ಟೇ ತಿರುಗುತ್ತದೆ. ಹಬ್ಬಿನ 20 ಸುತ್ತು ಎಂದರೆ ಕ್ರೌನಿನ 10 ಸುತ್ತು. ಹೀಗೆ ಅನುಪಾತ 6.6. ಎರಡೂ ಕಡೆ ಬಿಟ್ಟುಕೊಟ್ಟಿದ್ದರೆ ಎದುರಿನ ಹಬ್ಬು ಹಿಮ್ಮುಖವಾಗಿ ಸುತ್ತುತ್ತಿತ್ತು, ಶಾಫ್ಟು ಕದಲುತ್ತಲೇ ಇರಲಿಲ್ಲ.

ಆ ಕಾಲದ ಒಂದೂವರೆ ಟನ್ ಷೆವ್ರೊಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅನುಪಾತ 6.17. ಸಿಸಿಕೆಡಬ್ಲ್ಯೂವಿನ ಟಿಮ್ಕೆನ್ ಎಕ್ಸೆಲ್ಲಿನದು 6.60. ಈ ಅಂಕಿಯನ್ನು ಇನ್ನೊಂದು ಬಗೆಯಲ್ಲೂ ಒರೆಗೆ ಹಚ್ಚಬಹುದು. ಆ ಲಾರಿಯ ಎಂಜಿನ್ನಿಗೆ ನಿಮಿಷಕ್ಕೆ 2750 ಸುತ್ತಿನ ಮಿತಿಯಿತ್ತು, ಗೇರ್ ಬಾಕ್ಸಿನಲ್ಲಾಗುವ ಸಣ್ಣ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದೆ ಅದನ್ನು 6.6ರಿಂದ ಭಾಗಿಸಿ, 7.50-20 ಟೈರು ಸುತ್ತಿಗೆ ಸುಮಾರು 2.85 ಮೀಟರ್ ಕ್ರಮಿಸುತ್ತದೆಂದು ಹಿಡಿದರೆ ಗಂಟೆಗೆ 71 ಕಿ.ಮೀ. ಬರುತ್ತದೆ. ಅದರ ಗರಿಷ್ಠ ವೇಗವೆಂದು ದಾಖಲಾಗಿರುವ 45 ಮೈಲಿಗೆ ಇದು ಬಹುತೇಕ ಸರಿಹೊಂದುತ್ತದೆ.

ಇಷ್ಟಾದರೂ ಇದನ್ನು ‘ಜಿಎಂಸಿ ಎಕ್ಸೆಲ್’ ಎಂದು ಬರೆದುಕೊಡಲು ನಾನು ಒಪ್ಪಲಿಲ್ಲ. ಸ್ಟೂಡಿಬೇಕರ್ ಕಂಪನಿಯ ಯುಎಸ್6 ಎಂಬ ಸೇನಾ ಲಾರಿಗೂ ಟಿಮ್ಕೆನ್ನೇ ಸ್ಪ್ಲಿಟ್ ಎಕ್ಸೆಲ್ ಒದಗಿಸಿತ್ತು. ಬೇರಿಂಗು, ಸೀಲು ತರಿಸುವವರಿಗೆ ಬೇಕಾದದ್ದು ಎಕ್ಸೆಲ್ ಮಾಡಿದವನ ಹೆಸರು, ಲಾರಿ ಮಾಡಿದವನ ಹೆಸರಲ್ಲ. ಆದ್ದರಿಂದ ಚೀಟಿಯಲ್ಲಿ ‘ಟಿಮ್ಕೆನ್ ಸ್ಪ್ಲಿಟ್, ಎರಡೂವರೆ ಟನ್ ಆರು ಚಕ್ರ ಎಳೆತದ ಮಿಲಿಟರಿ ಲಾರಿಯದು, 6.6’ ಎಂದು ಬರೆದು, ಹಳೆಯ ಬೇರಿಂಗುಗಳ ಮೇಲಿದ್ದ ನಂಬರುಗಳನ್ನು ಅದರ ಕೆಳಗೆ ಸೇರಿಸಿದೆ. ಹದಿನೈದು ದಿನಗಳಲ್ಲಿ ಬೇರಿಂಗುಗಳೂ ಸೀಲುಗಳೂ ಬಂದವು.

ಕೈಗೊಂಡ ಕ್ರಮ

ಎಡಗಡೆಗೆ ಎರಡು ಎಡಮರೆಯ ಬೋಲ್ಟುಗಳನ್ನು ಇಎನ್24 ಎಂಬ ಗಟ್ಟಿ ಉಕ್ಕಿನಲ್ಲಿ ಕಡೆದು ಮಾಡಿಸಿ, ತುದಿಗೆ ‘ಎಲ್’ ಎಂದು ಹೊಡೆಸಲಾಯಿತು. ಲಾಕ್ ರಿಂಗಿನ ಐದು ಚಕ್ರಗಳ ತೋಡುಗಳನ್ನು ಶುದ್ಧಮಾಡಿ, ಪ್ರತಿಯೊಂದು ರಿಂಗನ್ನೂ ಅದರದೇ ರಿಮ್ಮಿನೊಂದಿಗೆ ನಂಬರು ಹಾಕಿ ಕಟ್ಟಿಟ್ಟೆವು. ಆರನೆಯ ಚಕ್ರಕ್ಕಾಗಿ ಬೆಂಗಳೂರಿನ ಗುಜರಿಗಳಲ್ಲಿ ಹುಡುಕಬೇಕಾಯಿತು. ಆರು ರಂಧ್ರ, 222 ಮಿ.ಮೀ. ವೃತ್ತ, ದುಂಡು ಕುಳಿ, ಇವೆಲ್ಲ ಇದ್ದ ನಾಲ್ಕು ಚಕ್ರಗಳನ್ನು ಅಲ್ಲಿನ ಅಂಗಳದಲ್ಲೇ ಮಗುಚಿ ಅಳೆದಾಗ ಒಂದರಲ್ಲಿ ಮಾತ್ರ ಸಂದು 19 ಮಿ.ಮೀ. ಬಂದಿತು. ಸ್ಟೆಪ್ನಿ ಇನ್ನೂ ಸಿಕ್ಕಿಲ್ಲ. ಟೈರುಗಳು 7.50-20ರವೇ ಬಂದವು, ಒಂದೇ ಜೋಡಿಯಲ್ಲಿ ವ್ಯಾಸದ ವ್ಯತ್ಯಾಸ ಕಾಲು ಅಂಗುಲ ಮೀರದಂತೆಯೂ, ಚಿಕ್ಕದು ಒಳಗಡೆ ಬರುವಂತೆಯೂ ಆರಿಸಿ ಹಾಕಲಾಯಿತು. ಗಾಳಿಯನ್ನು ಪೇಟೆಯ ಅಂಗಡಿಯ ಪಂಜರದೊಳಗೇ ತುಂಬಿಸಲಾಯಿತು. ಸ್ಪೀಡೋಮೀಟರಿನ ಗೇರು 6.17ರ ಎಕ್ಸೆಲ್ಲಿಗೆಂದು ಇದ್ದದ್ದಾದರೆ ಅದು ಶೇ. 7ರಷ್ಟು ಹೆಚ್ಚು ತೋರಿಸುತ್ತದೆಂದು ಎಚ್ಚರಿಸಿದೆ. ಈ ಲಾರಿಯ ವಯಸ್ಸಿಗೆ ಅದು ಒಳ್ಳೆಯದೇ ಎಂದು ಯಜಮಾನರು ನಕ್ಕರು.

ಎರಡು ಹೋಳಿನ ರಿಮ್ಮನ್ನು ಗೋಡೆಗೆ ಒರಗಿಸಿಡೋಣ, ನೆನಪಿಗಿರಲಿ ಎಂಬ ಮಾತು ಬಂದಿತ್ತು. ಐದು ರಂಧ್ರದ ಸ್ಟೆಪ್ನಿಯನ್ನು ಇಷ್ಟು ವರ್ಷ ಕಾಪಾಡಿದ ಮನೆ ಅದಾದ್ದರಿಂದ, ಮುಂದೊಂದು ದಿನ ಯಾರಾದರೂ ಅದಕ್ಕೆ ಟೈರು ಹಾಕಿಸದೆ ಇರಲಾರರೆಂದು ನನಗೆ ಅನ್ನಿಸಿತು. ಅಂದೇ ಸಂಜೆ ಅದನ್ನು ಗ್ಯಾಸಿನಿಂದ ಮೂರು ತುಂಡಾಗಿ ಕತ್ತರಿಸಿ ಗುಜರಿಗೆ ಹಾಕಲಾಯಿತು. ಎಡಗಡೆಯ ನಟ್ಟುಗಳಿಗೆಲ್ಲ ಕೆಂಪು ಬಣ್ಣ ಬಳಿದು, ಹಿರಿಯ ಡ್ರೈವರು ಹೇಳಿದಂತೆ ಮಡ್‌ಗಾರ್ಡಿನ ಒಳಮೈಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಉಲ್ಟಾ’ ಎಂದು ಬರೆಸಿದೆವು.